ಕಾರಿಗೆ ಚಾಮರ ಸೇವೆ

ಕಾರು ಎಂದರೆ ಗಾಳಿಯನ್ನು ಸೀಳಿಕೊಂಡು ಹೋಗಲೆಂದೇ ಮಾಡಿದ ವಸ್ತು. ಅದರ ಮೂತಿ, ಬೆನ್ನು, ಕನ್ನಡಿ ಎಲ್ಲವನ್ನೂ ಗಾಳಿಸುರಂಗದಲ್ಲಿಟ್ಟು, ಯಾವ ಮೂಲೆಯಲ್ಲಿ ಎಷ್ಟು ಗಾಳಿ ಹಾಯುತ್ತದೆ ಎಂದು ಎಂಜಿನಿಯರುಗಳು ತಲೆ ಕೆಡಿಸಿಕೊಂಡಿರುತ್ತಾರೆ. ಅಂಥ ವಸ್ತುವನ್ನು ಮನೆ ಮುಂದೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬ ಮನುಷ್ಯ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಾ ಗಾಳಿ ಬೀಸುತ್ತಾನೆ. ಹಿಂದೆ ರಾಜರಿಗೆ ಚಾಮರ ಬೀಸುತ್ತಿದ್ದರಲ್ಲ, ಹಾಗೆ. ರಾಜನಿಗೆ ಕೊನೇಪಕ್ಷ ಬೆವರಾದರೂ ಬರುತ್ತಿತ್ತು.

ಈ ಸೇವೆಗೆ ಬೇಕಾದ ಯಂತ್ರದ ಹೆಸರು ಬ್ಲೋವರ್. ವ್ಯಾಕ್ಯೂಮ್ ಕ್ಲೀನರ್ ಒಳಗೆ ಎಳೆದುಕೊಳ್ಳುವುದನ್ನು ಇದು ಹೊರಗೆ ಉಗುಳುತ್ತದೆ, ಅಷ್ಟೇ ವ್ಯತ್ಯಾಸ. ತೊಳೆದ ಕಾರನ್ನು ಬಟ್ಟೆ ಮುಟ್ಟಿಸದೆ ಒಣಗಿಸುವುದು ಇದರ ಕೆಲಸ. ಗಾಳಿ ಎಲ್ಲ ಕಡೆಯೂ ಪುಕ್ಕಟೆ ಸಿಗುತ್ತದಲ್ಲ ಎಂದು ಕೇಳಬೇಡಿ. ಪುಕ್ಕಟೆ ಗಾಳಿಗೆ ವೇಗ ಸಾಲದು, ಫಿಲ್ಟರ್ ಇಲ್ಲ, ಉದ್ದನೆಯ ಪೈಪಂತೂ ಇಲ್ಲವೇ ಇಲ್ಲ.

ಸುಮ್ನೆ ನಗುವ ಮುಂಚೆ ಬ್ಲೋವರ್ ಹಿಡಿದವರ ವಾದವನ್ನೂ ಕೇಳಬೇಕು. ವಾದದಲ್ಲಿ ತಪ್ಪಿಲ್ಲ, ಅದೇ ತಮಾಷೆ.

ಕಾರು ತೊಳೆಯುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಇರುತ್ತವೆ. ಗಡಸು ನೀರಾದರೆ ಇನ್ನೂ ಜಾಸ್ತಿ. ಹನಿ ತಾನಾಗಿ ಆರಿದರೆ ನೀರು ಹೋಗುತ್ತದೆ, ಲವಣ ಉಳಿಯುತ್ತದೆ. ಬಿಳೀ ಉಂಗುರ ಬೀಳುತ್ತದೆ. ಬಿಸಿಲಿಗೆ ಕಾದ ಬಾನೆಟ್ ಮೇಲೆ ಅದು ಹಾಗೇ ಕೂತರೆ ಬಣ್ಣದೊಳಕ್ಕೇ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಬಿಸಿಲಲ್ಲಿ ಒಣಗಿಸುವ ಹಾಗಿಲ್ಲ. ಹಾಗಾದರೆ ಒರೆಸೋಣ ಎಂದರೆ, ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇದೆ. ಸಾಮಾನ್ಯವಾಗಿ ಅದರ ದಪ್ಪ 50 ಮೈಕ್ರಾನ್ ಆಸುಪಾಸು, ಅಂದರೆ ನಮ್ಮ ತಲೆಗೂದಲಿಗಿಂತ ತೆಳ್ಳಗೆ. ಬಟ್ಟೆಯಲ್ಲಿ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಒರೆಸಿದಷ್ಟೂ ಗೀರು. ಅವೇ ಗೀರುಗಳು ಬೀದಿದೀಪದ ಕೆಳಗೆ ಜೇಡರ ಬಲೆಯ ಹಾಗೆ ಸುರುಳಿ ಸುರುಳಿಯಾಗಿ ಕಾಣುತ್ತವೆ. ಆದ್ದರಿಂದ ಒರೆಸುವ ಹಾಗೂ ಇಲ್ಲ.

ಒಟ್ಟಿನಲ್ಲಿ ಬಣ್ಣ ಮುಟ್ಟಿದರೆ ಮುನಿ ಜಾತಿಯದು. ಮುಟ್ಟಬಾರದು, ಸುಮ್ಮನೆ ಬಿಡಲೂಬಾರದು. ಉಳಿದ ದಾರಿ ಊದುವುದು. ಒಂದೊಂದು ಹೆಜ್ಜೆಯೂ ಸರಿಯಾಗಿಯೇ ಇದೆ. ನಡೆಯುತ್ತಾ ನಡೆಯುತ್ತಾ ಬಂದು ಸೇರಿದ್ದು ಮಾತ್ರ, ಸೂರ್ಯ ನೆತ್ತಿ ಮೇಲಿದ್ದಾಗ ಬಾಗಿಲ ಹಿಡಿಕೆಯೊಂದಕ್ಕೆ ಬಿರುಗಾಳಿ ತರಿಸುವ ಜಾಗಕ್ಕೆ.

ಬಿರುಗಾಳಿ ಎಂದಿದ್ದು ಮಾತಿನ ಭರಕ್ಕಲ್ಲ. ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ಬ್ರಿಟಿಷ್ ನೌಕಾಧಿಕಾರಿ 1805ರಲ್ಲಿ ಗಾಳಿಯ ಜೋರನ್ನು ಅಂದಾಜು ಮಾಡಲು ಒಂದು ಪಟ್ಟಿ ಶುರು ಮಾಡಿದ. ಅದರ 12ನೇ ಮೆಟ್ಟಿಲು ಎಂದರೆ ಯಾವ ಹಾಯಿಯೂ ತಡೆದುಕೊಳ್ಳಲಾರದ ಗಾಳಿ. ಇವತ್ತಿನ ಲೆಕ್ಕದಲ್ಲಿ ಗಂಟೆಗೆ ಸುಮಾರು 118 ಕಿಲೋಮೀಟರಿನಿಂದ ಮೇಲಕ್ಕೆ. ಕೈಯಲ್ಲಿ ಹಿಡಿಯುವ ಬ್ಲೋವರ್‌ಗಳಲ್ಲಿ ಮೂತಿಯ ಹತ್ತಿರ ಗಂಟೆಗೆ 200 ಕಿಲೋಮೀಟರ್ ದಾಟಿಸುವವು ಬೇಕಾದಷ್ಟಿವೆ. ಹಡಗು ಮುಳುಗಿಸುವಷ್ಟು ವೇಗದ ಗಾಳಿಯನ್ನು ಪೈಪಿನಲ್ಲಿ ತುಂಬಿಕೊಂಡು ಈ ಮನುಷ್ಯ ಬೇಟೆಗೆ ಹೊರಟಿದ್ದಾನೆ. ಬೇಟೆ ಯಾವುದು? ಒಂದು ಹನಿ ನೀರು.

ಆ ಹನಿಯನ್ನು ಕಡಿಮೆ ಎಂದುಕೊಳ್ಳಬೇಡಿ.

ಛಾವಣಿಯ ಮೇಲೆ, ಬಾನೆಟ್ಟಿನ ಮೇಲೆ ಅದು ಬಲು ವಿಧೇಯ. ಗಾಳಿ ತಾಗಿದ್ದೇ ತಡ ಗುಂಪುಗುಂಪಾಗಿ ಓಡುತ್ತದೆ. ನೋಡಲು ನಿಜಕ್ಕೂ ಚಂದ, ಸುಳ್ಳು ಹೇಳಬಾರದು. ಓಡಿ ಹೋಗುವುದೆಲ್ಲಿಗೆ? ಬಾನೆಟ್ಟಿನ ಅಂಚಿನ ಸಂದಿಗೆ. ಅಲ್ಲಿಂದ ಹೆಡ್‌ಲೈಟಿನ ಮಗ್ಗುಲಿಗೆ. ಅಲ್ಲಿಗೂ ಪೈಪು ಹಿಡಿದರೆ ಗ್ರಿಲ್ಲಿನ ಒಳಕ್ಕೆ. ಗ್ರಿಲ್ಲಿಗೆ ಊದಿದರೆ ಒಳಗೆ ಅಡಗಿದ್ದ ನೀರೆಲ್ಲ ಚಿಮ್ಮಿ, ಈಗಷ್ಟೇ ಒಣಗಿಸಿದ ಬಾನೆಟ್ಟಿನ ಮೇಲೆ ಬಂದು ಕೂರುತ್ತದೆ. ಮತ್ತೆ ಮೊದಲಿಂದ. ನಂಬರ್ ಪ್ಲೇಟಿನ ಹಿಂದೆ ಒಂದು ಬಾವಿ, ಪೆಟ್ರೋಲ್ ಮುಚ್ಚಳದ ಒಳಗೆ ಒಂದು ಕೊಳ, ಹಿಂದಿನ ದೀಪದ ಸುತ್ತ ಒಂದು ಕಾಲುವೆ. ಇವೆಲ್ಲ ಇರುವುದು ಒಂದೇ ಕಾರಿನಲ್ಲಿ ಎಂದು ಗೊತ್ತಾಗುವುದೇ ಬ್ಲೋವರ್ ಹಿಡಿದ ಮೇಲೆ.

ಇವೆಲ್ಲದರ ದೊರೆ ಪಕ್ಕದ ಕನ್ನಡಿ. ಅದರ ಗೂಡಿನೊಳಗೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅದನ್ನು ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ. ಗಾಜಿನ ಅಂಚಿಗೆ ಪೈಪು ಇಟ್ಟು ಊದಿದರೆ ಆ ಕಡೆಯಿಂದ ಒಂದು ಗುಟುಕು ನೀರು ಬರುತ್ತದೆ. ಖಾಲಿ ಆಯಿತು ಎನಿಸುತ್ತದೆ. ಕೆಳಗಿಂದ ಊದಿದರೆ ಮೇಲಿಂದ ಇನ್ನೊಂದು ಗುಟುಕು. ಕನ್ನಡಿಯನ್ನು ಮಡಚಿದರೆ ಮೂರನೆಯದು. ಮನುಷ್ಯ ಬಗ್ಗುತ್ತಾನೆ, ಏಳುತ್ತಾನೆ, ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಾನೆ. ಅಷ್ಟರಲ್ಲಿ ಗೂಡಿನೊಳಗಿನ ಮಣ್ಣು ಕಲೆಸಿದ ನೀರು ಅವನ ಮುಖಕ್ಕೇ ಸಿಡಿಯುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಕಾರು ಒಣಗಿದೆ, ಅಂಗಿ ತೊಯ್ದಿದೆ, ಪ್ಯಾಂಟು ಮಂಡಿವರೆಗೆ ಒದ್ದೆ. ನೀರು ಎಲ್ಲೂ ಹೋಗಲಿಲ್ಲ, ಮಾಲೀಕತ್ವ ಬದಲಾಯಿಸಿತು. ಪೈಪು ಸುತ್ತಿಟ್ಟು ಬಾಗಿಲು ಹಾಕಿದ ಆ ಸದ್ದಿಗೆ ಕನ್ನಡಿಯ ಬುಡದಿಂದ ಒಂದು ಹನಿ ಇಳಿದು ಬಾಗಿಲ ಮೇಲೆ ಗೆರೆ ಎಳೆಯುತ್ತದೆ. ಈ ಹನಿಯನ್ನು ಸೋಲಿಸಿದ ಬ್ಲೋವರ್ ಇನ್ನೂ ಬಂದಿಲ್ಲ.

ಇನ್ನೊಂದು ಗುಟ್ಟು ಇದೆ. ದೊಡ್ಡ ಹನಿಗಳು ಓಡಿಹೋದ ಮೇಲೂ ಮಂಜು ಕವಿದಂಥ ಸಣ್ಣ ಸಣ್ಣ ಹನಿ ಉಳಿಯುತ್ತವೆ. ಎಷ್ಟು ಊದಿದರೂ ಅಲುಗುವುದಿಲ್ಲ. ಯಾವುದೇ ಮೈಯನ್ನು ಒತ್ತಿಕೊಂಡು ಗಾಳಿ ಹರಿಯುವಾಗ, ಮೈಗೆ ಅಂಟಿದ ತೆಳು ಪದರದಲ್ಲಿ ಅದರ ವೇಗ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಎನ್ನುವಷ್ಟು ಇಳಿಯುತ್ತದೆ. ಲುಡ್ವಿಗ್ ಪ್ರಾಂಟ್ಲ್ ಎಂಬ ಜರ್ಮನ್ ವಿಜ್ಞಾನಿ 1904ರಲ್ಲೇ ಇದನ್ನು ವಿವರಿಸಿದ್ದ. ಸಣ್ಣ ಹನಿಗಳು ಆ ಪದರದ ಆಸರೆಯಲ್ಲಿ ತಣ್ಣಗೆ ಕುಳಿತಿರುತ್ತವೆ. ಆಗ ಬ್ಲೋವರ್ ಪಂಡಿತರು ಏನು ಮಾಡುತ್ತಾರೆ? ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ತಂದು ಒರೆಸುತ್ತಾರೆ. ಬಟ್ಟೆ ಮುಟ್ಟಿಸಬಾರದು ಅಂದಿದ್ರಲ್ಲ ಎಂದು ಕೇಳಿದರೆ, ಇದು ಒರೆಸುವುದಲ್ಲವಂತೆ, ಕೊನೆಯ ಸ್ಪರ್ಶವಂತೆ.

ಇಷ್ಟು ಅವರವರ ಮನೆ ವ್ಯವಹಾರ. ಯಾರ ಕಾರು, ಯಾರ ನೀರು, ಯಾರ ಪ್ಯಾಂಟು, ನಮಗೇನು? ಆದರೆ ಹೊಳಪು ಅವರ ಕಾಂಪೌಂಡಿನಲ್ಲೇ ಉಳಿಯುತ್ತದೆ. ಸದ್ದು ಉಳಿಯುವುದಿಲ್ಲ.

"ಏನ್ ಸಾರ್, ಗೋಡೆ ಏನಾದ್ರೂ ಕೊರೀತಿದೀರಾ?"

"ಇಲ್ಲ ಸಾರ್, ಕಾರ್ ಒಣಗಿಸ್ತಿದೀನಿ."

"ಬಿಸಿಲು ಬಂದಿದೆಯಲ್ಲ ಸಾರ್?"

"ಅದಕ್ಕೇ ಸಾರ್ ಅರ್ಜೆಂಟು. ಬಿಸಿಲಿಗೆ ತಾನಾಗೇ ಒಣಗಿಬಿಡುತ್ತೆ."

ಈ ಉತ್ತರ ಕೇಳಿದವರು ಒಂದು ಗಳಿಗೆ ಗೇಟು ಹಿಡಿದು ನಿಂತು, ಮಾತಾಡದೆ ವಾಪಸು ಹೋಗುತ್ತಾರೆ. ಹೇಳಲು ಏನಿದೆ? ಅವರು ಹೇಳಿದರೂ ಈತನಿಗೆ ಕೇಳಿಸುವುದಿಲ್ಲ. ಕಿವಿಗೆ ದೊಡ್ಡ ಇಯರ್‌ಮಫ್ ಹಾಕಿಕೊಂಡಿದ್ದಾನೆ. ಹಾಕಿಕೊಳ್ಳಲೇಬೇಕು. ಅಮೆರಿಕದ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ನಿಯೋಷ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಜಾಸ್ತಿ ಇರಬಾರದು. ಸದ್ದು 3 ಡೆಸಿಬೆಲ್ ಏರಿದಾಗಲೆಲ್ಲ ಈ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. 100 ಡೆಸಿಬೆಲ್ಲಿಗೆ ಬರೀ 15 ನಿಮಿಷ. ಪೆಟ್ರೋಲ್ ಬ್ಲೋವರ್ ಹಿಡಿದವನ ಕಿವಿಗೆ 90 ದಾಟುವುದು ದೊಡ್ಡ ಮಾತಲ್ಲ. ಹಾಗಾಗಿ ಬಳಸುವವರು ಕಿವಿ ಮುಚ್ಚಿಕೊಳ್ಳಬೇಕು ಎಂದು ಡಬ್ಬಿಯ ಮೇಲೆ ಚಿತ್ರ ಸಮೇತ ಹಾಕಿರುತ್ತಾರೆ. ಅಕ್ಕಪಕ್ಕದವರ ಚಿತ್ರ ಹಾಕಿರುವುದಿಲ್ಲ. ಅವರು ಡಬ್ಬಿ ಬಿಚ್ಚಿಲ್ಲವಲ್ಲ.

ಈ ಪೆಟ್ರೋಲ್ ಬ್ಲೋವರ್ ಹುಟ್ಟಿದ್ದು ಕಾರಿಗಲ್ಲ, ಉದುರಿದ ಎಲೆ ಗುಡಿಸುವುದಕ್ಕೆ. ಎಲೆಯನ್ನೂ ಅದು ಗುಡಿಸುತ್ತಿರಲಿಲ್ಲ, ಪಕ್ಕದವರ ಅಂಗಳಕ್ಕೆ ಕಳಿಸುತ್ತಿತ್ತು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಅದರ ಹೊಗೆಯ ಬಗ್ಗೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಒಂದು ಲೆಕ್ಕ ಕೊಟ್ಟಿದೆ. ಅಲ್ಲಿ ಜಾಸ್ತಿ ಮಾರಾಟವಾಗುತ್ತಿದ್ದ ವಾಣಿಜ್ಯ ಬಳಕೆಯ ಲೀಫ್ ಬ್ಲೋವರನ್ನು ಒಂದು ಗಂಟೆ ಓಡಿಸಿದರೆ, ಹೊಗೆಮಂಜು ಹುಟ್ಟಿಸುವ ಮಾಲಿನ್ಯದ ಮಟ್ಟಿಗೆ, ಅದು 2016ರ ಟೊಯೋಟಾ ಕ್ಯಾಮ್ರಿ ಕಾರನ್ನು ಸುಮಾರು 1,100 ಮೈಲಿ, ಅಂದರೆ 1,770 ಕಿಲೋಮೀಟರ್, ಓಡಿಸಿದ್ದಕ್ಕೆ ಸಮ. ಲಾಸ್ ಏಂಜಲೀಸಿನಿಂದ ಡೆನ್ವರ್ ತನಕ. ಇದೇ ಲೆಕ್ಕ ಹಿಡಿದರೆ, ಕಾಲು ಗಂಟೆಯಲ್ಲಿ ಕಾರು ಒಣಗಿಸುವುದಕ್ಕೆ ಆಗುವ ಹೊಗೆಯಲ್ಲಿ ಆ ಕಾರನ್ನೇ 440 ಕಿಲೋಮೀಟರ್ ಓಡಿಸಬಹುದಿತ್ತು. ಅಷ್ಟು ದೂರಕ್ಕೆ ಎಂಥ ಕಾರೂ ಒಣಗುತ್ತದೆ. ಕನ್ನಡಿಯ ಹನಿಯ ಬಗ್ಗೆ ಮಾತ್ರ ನಾನು ಗ್ಯಾರಂಟಿ ಕೊಡುವುದಿಲ್ಲ.

ವಾಷಿಂಗ್ಟನ್ ನಗರದಲ್ಲಿ 2022ರಿಂದ ಪೆಟ್ರೋಲ್ ಲೀಫ್ ಬ್ಲೋವರ್ ಬಳಕೆಗೇ ನಿಷೇಧ ಬಂತು. ಕ್ಯಾಲಿಫೋರ್ನಿಯಾ 2024ರಿಂದ ಇಂಥ ಸಣ್ಣ ಹೊಸ ಎಂಜಿನ್ನುಗಳು ಹೊಗೆಯನ್ನೇ ಬಿಡಬಾರದು ಎಂದಿತು. ಈಗ ಬ್ಯಾಟರಿಯವೂ ವಿದ್ಯುತ್ತಿನವೂ ಬಂದಿವೆ. ಹೊಗೆ ಹೋಯಿತು, ಕಿರುಚಾಟ ಉಳಿಯಿತು. ಮೊದಲು ಗುಡುಗುತ್ತಿತ್ತು, ಈಗ ಸಿಳ್ಳೆ ಹೊಡೆಯುತ್ತದೆ. ಎಲೆ ಊದುವ ಯಂತ್ರ ನೆಲದ ಧೂಳನ್ನೂ ಎತ್ತಿ ಒದ್ದೆ ಕಾರಿನ ಮೇಲೆ ಹಾಕುತ್ತದೆ ಎಂದು ಗೊತ್ತಾದ ಮೇಲೆ ಕಾರಿಗೆಂದೇ ಬೇರೆ ಬ್ಲೋವರ್ ಬಂತು. ಅದಕ್ಕೆ ಗಾಳಿ ಸೋಸುವ ಫಿಲ್ಟರ್. ಗಾಳಿ ಬೆಚ್ಚಗಿರಲಿ ಎಂದು ಹೀಟರ್. ತಪ್ಪಿ ತಾಗಿದರೂ ಗೀರಾಗದಿರಲಿ ಎಂದು ಮೂತಿಗೆ ರಬ್ಬರ್. ಕಾರಿನ ಸುತ್ತ ಬರಲಿ ಎಂದು ಮಾರುದ್ದದ ಪೈಪು. ಒಂದು ಮೋಟರಿನವರು ಎರಡು ಮೋಟರಿನವರನ್ನು ಕಂಡು ತಲೆ ತಗ್ಗಿಸಿ ನಡೆಯುತ್ತಾರೆ.

ಸೆರಾಮಿಕ್ ಕೋಟಿಂಗ್ ಮಾಡಿಸಿದವರ ಪಾಡು ಬೇರೆಯೇ. ಆ ಲೇಪ ಹಚ್ಚಿಸುವುದೇ ನೀರು ನಿಲ್ಲದಿರಲಿ ಎಂದು. ತಾವರೆ ಎಲೆಯ ಮೇಲಿನ ನೀರಿನ ಹಾಗೆ ಅಂಟಿಯೂ ಅಂಟದಂತೆ ಹನಿ ಉರುಳಬೇಕು. ಬಾರ್ಥ್‌ಲಾಟ್ ಮತ್ತು ನೈನ್‌ಹೈಸ್ ಎಂಬ ಸಸ್ಯವಿಜ್ಞಾನಿಗಳು 1997ರಲ್ಲಿ ತಾವರೆ ಎಲೆಯ ಗುಟ್ಟನ್ನು ಬರೆದಿದ್ದರು. ಅದರ ಮೈಮೇಲೆ ಕಣ್ಣಿಗೆ ಕಾಣದ ಉಬ್ಬುಗಳು, ಅದರ ಮೇಲೆ ಮೇಣ. ಹನಿ ನಿಲ್ಲುವುದಿಲ್ಲ, ಉರುಳುವಾಗ ಕೊಳೆಯನ್ನೂ ಕರೆದುಕೊಂಡು ಹೋಗುತ್ತದೆ. ಕಾರಿನ ಲೇಪ ಅಷ್ಟು ಜಾಣ ಅಲ್ಲ. ಹನಿಯನ್ನು ಗುಂಡಗೆ ಮಾಡುತ್ತದೆ, ಸಮತಟ್ಟಾದ ಕಡೆ ಅಲ್ಲೇ ಕೂರಿಸುತ್ತದೆ. ಗುಂಡಗೆ ಕೂತ ಹನಿ ಆರಿದರೆ ಲವಣವೆಲ್ಲ ಒಂದೇ ಚುಕ್ಕೆಯಲ್ಲಿ ಸೇರಿ ಕಲೆ ಇನ್ನೂ ಗಟ್ಟಿ. ನೀರು ನಿಲ್ಲಬಾರದೆಂದು ಲೇಪ ಹಾಕಿಸಿ, ಲೇಪದ ಮೇಲೆ ನಿಂತ ನೀರನ್ನು ಓಡಿಸಲು ಬ್ಲೋವರ್ ತರಬೇಕು. ತಾವರೆ ಇದನ್ನು ನೋಡಿದರೆ ಏನೆಂದುಕೊಂಡೀತು?

ಕಡಿಮೆ ಸದ್ದಿನ ದಾರಿ ಇಲ್ಲವೇ ಎಂದರೆ, ಇದೆ. ನೆರಳಲ್ಲಿ ತೊಳೆಯಬೇಕು. ಕೊನೆಯಲ್ಲಿ ಪೈಪಿನ ನಾಝಲ್ ಕಿತ್ತು, ಛಾವಣಿಯಿಂದ ನೀರನ್ನು ನಿಧಾನಕ್ಕೆ ಹರಿಯಬಿಡಬೇಕು. ಆಗ ನೀರು ಹನಿಹನಿಯಾಗದೆ ಹಾಳೆಯಂತೆ ಜಾರಿ, ಬಹುಪಾಲು ನೀರನ್ನು ತನ್ನ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಉಳಿದಿದ್ದಕ್ಕೆ ಸ್ವಚ್ಛವಾದ ದಪ್ಪ ಬಟ್ಟೆಯನ್ನು ಹಾಸಿ, ಒತ್ತದೆ ಎಳೆದರೆ ಸಾಕು. ಇದನ್ನು ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ. ಇದರಲ್ಲಿ ಮೋಟರ್ ಇಲ್ಲ, ಸ್ವಿಚ್ ಇಲ್ಲ, ಬೀದಿಯವರು ತಿರುಗಿ ನೋಡುವುದೂ ಇಲ್ಲ. ಕಾರು ತೊಳೆದಿದ್ದು ಯಾರಿಗೂ ಗೊತ್ತಾಗದಿದ್ದರೆ ತೊಳೆದು ಏನು ಬಂತು?

ಬ್ಲೋವರ್ ತಂದವರು ಅದರ ಜೊತೆ ಬರುವ ಪುಸ್ತಿಕೆಯನ್ನು ಕೊನೆವರೆಗೆ ಓದುವುದು ಅಪರೂಪ. ಓದಬೇಕು. ತೊಳೆಯಬಹುದಾದ ಫಿಲ್ಟರ್ ಇರುವ ಯಂತ್ರಗಳಲ್ಲಿ ಅದನ್ನು ಆಗಾಗ ಬಿಚ್ಚಿ ತೊಳೆಯಬೇಕಾಗುತ್ತದೆ. ಒದ್ದೆ ಫಿಲ್ಟರ್ ಹಾಕಿ ಮೋಟರ್ ಓಡಿಸಬಾರದು. ಹಾಗಾದರೆ ಅದನ್ನು ಒಣಗಿಸುವುದು ಹೇಗೆ? ಬಿಚ್ಚಿ ಪಕ್ಕಕ್ಕಿಟ್ಟು, ಗಾಳಿಯಲ್ಲಿ ತಾನಾಗಿ ಪೂರ್ತಿ ಒಣಗುವ ತನಕ ಸುಮ್ಮನೆ ಬಿಡಬೇಕು.