ಮೆಗಾಪೋಡ್ ಹಕ್ಕಿಗೆ ಹರಿಯಾಣಕ್ಕೆ ವರ್ಗ

ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಟೌನ್‌ಶಿಪ್ ಎಲ್ಲ ಒಟ್ಟಿಗೆ ಬರಲಿವೆ. ಅದಕ್ಕಾಗಿ 130 ಚದರ ಕಿ.ಮೀ. ಮಳೆಕಾಡು ಬಿಟ್ಟುಕೊಡಲು 2022ರಲ್ಲೇ ತಾತ್ವಿಕ ಒಪ್ಪಿಗೆ ಸಿಕ್ಕಿದೆ. ಉರುಳಲಿರುವ ಮರಗಳು 2023ರ ಸರ್ಕಾರದ ಲೆಕ್ಕದಲ್ಲೇ 9.64 ಲಕ್ಷ. ಗಾಬರಿ ಬೀಳಬೇಡಿ, ಬದಲಿ ಕಾಡು ಬೆಳೆಸುತ್ತಾರೆ. ಎಲ್ಲಿ ಅಂದಿರಾ? ಹರಿಯಾಣದಲ್ಲಿ.

ನಗಬೇಡಿ, ಎಲ್ಲ ನಿಯಮದ ಪ್ರಕಾರವೇ ನಡೆದಿದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಕಾಡೇ ಇರುವ ಕಡೆ ಮರ ಕಡಿದರೆ, ಗಿಡವನ್ನು ಬೇರೆ ರಾಜ್ಯದಲ್ಲಿ ನೆಡಬಹುದು. ಅಂಡಮಾನ್–ನಿಕೋಬಾರಿನಲ್ಲಿ ಕಾಡು ಬೆಳೆಸಲು ಜಾಗವಿಲ್ಲ, ಯಾಕೆಂದರೆ ಅಲ್ಲೆಲ್ಲ ಕಾಡೇ ತುಂಬಿಕೊಂಡಿದೆ! ಹರಿಯಾಣದಲ್ಲಿ ಶೇ 4ರಷ್ಟೂ ಕಾಡಿಲ್ಲ, ಜಾಗಕ್ಕೇನು ಬರ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ನಾವು ಸುಮ್ಮನೆ ಆಡಿಕೊಂಡೆವು. ಪಾಪ, ಅವರು ಎರಡನ್ನೂ ಒಂದೇ ಕೊಟ್ಟಿಗೆಯಲ್ಲಾದರೂ ಕಟ್ಟಿದ್ದರು.

ಇನ್ನು ಹೊರಡಬೇಕಾದದ್ದು ಹಕ್ಕಿಯ ವರ್ಗಾವಣೆ ಆದೇಶ. ನಿಕೋಬಾರ್ ಬಿಟ್ಟು ಬೇರೆಲ್ಲೂ ಇಲ್ಲದ ಈ ಮೆಗಾಪೋಡ್ ಮೊಟ್ಟೆಯ ಮೇಲೆ ಕೂತು ಕಾವು ಕೊಡುವುದಿಲ್ಲ. ಕಡಲಂಚಿನ ಕಾಡಿನಲ್ಲಿ ಮರಳು, ತರಗೆಲೆ ಕೆರೆದು ಗುಡ್ಡೆ ಹಾಕಿ ಮೊಟ್ಟೆಯನ್ನು ಅದರೊಳಗೆ ಹುಗಿಯುತ್ತದೆ. ಎಲೆ ಕೊಳೆಯುವ ಬಿಸಿಗೇ ಮರಿಯಾಗುತ್ತದೆ. ಆದೇಶ ಹೀಗಿರಬಹುದು: ‘ಸದರಿ ಹಕ್ಕಿಯು ತನ್ನ ಗುಡ್ಡೆಯ ಚಾರ್ಜ್ ವಹಿಸಿಕೊಟ್ಟು, ಏಳು ದಿನದೊಳಗೆ ಹರಿಯಾಣದ ಅರಾವಳಿ ಬೆಟ್ಟದಲ್ಲಿ ಹಾಜರಾಗತಕ್ಕದ್ದು. ತರಗೆಲೆ ಸಾಗಾಟ ಸ್ವಂತ ಖರ್ಚಿನಲ್ಲಿ. ಕಡಲು ಒದಗಿಸಲು ಅವಕಾಶವಿರುವುದಿಲ್ಲ.’ ಅದೇ ದ್ವೀಪದ ಗಲಾಥಿಯಾ ಕೊಲ್ಲಿಗೆ ಮೊಟ್ಟೆ ಇಡಲು ಬರುವ ಲೆದರ್‌ಬ್ಯಾಕ್ ಕಡಲಾಮೆಗೂ ಒಂದು ಪ್ರತಿ ಹೋಗಲಿ. ಆ ಕೊಲ್ಲಿಯ ವನ್ಯಜೀವಿಧಾಮವನ್ನು 2021ರಲ್ಲೇ ಡಿನೋಟಿಫೈ ಮಾಡಿ ಆಗಿದೆ. ಆಮೆಗೆ ಗೆಜೆಟ್ ಓದುವ ಅಭ್ಯಾಸವಿಲ್ಲ, ಈಗಲೂ ಬರುತ್ತದೆ.

ಗಿಡ ನೆಟ್ಟರೆ ಕಾಡಾಗುತ್ತದೆಯೇ ಎಂಬ ಅನುಮಾನ ನಿಮಗೆ ಬೇಡ. ಒಂದು ಹೆಕ್ಟೇರಿನಲ್ಲಿ ಶೇ 10ರಷ್ಟು ಜಾಗದ ಮೇಲೆ ಮರದ ನೆತ್ತಿ ಹರಡಿದ್ದರೆ ಅರಣ್ಯ ಸಮೀಕ್ಷೆಯವರ ಲೆಕ್ಕದಲ್ಲಿ ಅದು ಅರಣ್ಯವೇ. ಮಲೆನಾಡಿನ ಅಕೇಶಿಯಾ ನೆಡುತೋಪೂ ಅಷ್ಟೇ, ಕಾಫಿ ತೋಟವೂ ಅಷ್ಟೇ. ಅಕೇಶಿಯಾ ಬುಡದಲ್ಲಿ ದನಕ್ಕೆ ಹಿಡಿ ಹುಲ್ಲು ಸಿಗದಿರಬಹುದು, ಉಪಗ್ರಹಕ್ಕೆ ಹಸಿರಂತೂ ಸಿಗುತ್ತದೆ.

ದುಡ್ಡಿಗೂ ಕೊರತೆಯಿಲ್ಲ. ಕಾಡು ಪಡೆದವರು ಕಟ್ಟುವ ಹಣಕ್ಕೆಂದೇ ಕ್ಯಾಂಪಾ ನಿಧಿಯಿದೆ. 2019ರಲ್ಲಿ ಕೇಂದ್ರ ಅದರಿಂದ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೊತ್ತವನ್ನು ರಾಜ್ಯಗಳಿಗೆ ಹಂಚಿತು. ಉತ್ತರಾಖಂಡದಲ್ಲಿ ಈ ನಿಧಿಯ ಹಣ ಐಫೋನ್, ಲ್ಯಾಪ್‌ಟಾಪ್, ಫ್ರಿಜ್ ಖರೀದಿಗೆ ಹೋದದ್ದನ್ನು ಸಿಎಜಿ ವರದಿ ಬಯಲು ಮಾಡಿದೆ. ಅದೇ ವರದಿಯ ಪ್ರಕಾರ, ನೆಟ್ಟ ಗಿಡಗಳಲ್ಲಿ ಬದುಕಿದ್ದು ಹೆಚ್ಚುಕಡಿಮೆ ಮೂರರಲ್ಲೊಂದು. ಫ್ರಿಜ್‌ಗಳಿಗೆ ಆ ಕಷ್ಟವಿಲ್ಲ, ಕರೆಂಟ್ ಇದ್ದರೆ ಸಾಕು.