ಓಟಗಾರರಿಗೆ ಪುಡಿ, ಅತಿಥಿಗಳಿಗೆ ಊಟ

ನಮ್ಮ ಶಿವಮೊಗ್ಗ ಸೀಮೆಯ ಕ್ರೀಡಾಕೂಟವೊಂದರಲ್ಲಿ ಓಟದ ಮಕ್ಕಳಿಗೆ ಆ್ಯಂಟಿಆಕ್ಸಿಡೆಂಟ್ ಪುಡಿಯ ಡಬ್ಬಿ ಹಂಚಿದ ಸುದ್ದಿಯನ್ನು ನೀವೆಲ್ಲರೂ ಫೋಟೊ ಸಮೇತ ನೋಡಿಯೇ ಇರುತ್ತೀರಿ. ಡಬ್ಬಿ ಎದ್ದು ಕಾಣುವಂತೆ, ಮಗು ಅದರ ಹಿಂದೆ ಮರೆಯಾಗುವಂತೆ ನಿಲ್ಲಿಸಿದ ಛಾಯಾಗ್ರಾಹಕರ ಕೈಚಳಕವನ್ನು ಮೆಚ್ಚಲೇಬೇಕು. ಓಡುವಾಗ ದೇಹದಲ್ಲಿ ಹುಟ್ಟುವ, ಸಿಕ್ಕಿದ್ದಕ್ಕೆಲ್ಲ ತಗುಲಿಕೊಳ್ಳುವ ಚುರುಕು ಕಣಗಳಾದ ಫ್ರೀ ರ್‍ಯಾಡಿಕಲ್‌ಗಳೆಂಬ ದುಷ್ಟರನ್ನು ಈ ಪುಡಿ ಪುಡಿಗಟ್ಟುತ್ತದೆ ಎಂದು ಉದ್ಘಾಟಕರು ಅಭಯವಿತ್ತರು.

ಮಾತು ಅರ್ಧ ಸತ್ಯ, ಹಾಗಾಗಿಯೇ ಸಲೀಸಾಗಿ ಮಾರಾಟವಾಗುತ್ತದೆ. ಬಿರುಸಾಗಿ ಓಡಿದಾಗ ಸ್ನಾಯುಗಳಲ್ಲಿ ಇಂಥ ಕಣಗಳು ಹೆಚ್ಚುವುದು ನಿಜ. ಅವು ದೇಹದ ಹಿಡಿತ ಮೀರಿದಾಗ ಆಕ್ಸಿಡೇಟಿವ್ ಒತ್ತಡ, ಅಂದರೆ ಜೀವಕೋಶಗಳಿಗೆ ಪೆಟ್ಟು ಬೀಳುವ ಸ್ಥಿತಿ, ಉಂಟಾಗುವುದೂ ನಿಜ. ಆದರೆ ಮುಂದಿನ ಓಟಕ್ಕೆ ಗಟ್ಟಿಯಾಗಬೇಕೆಂಬ ಸೂಚನೆಯನ್ನು ಸ್ನಾಯುವಿಗೆ ಮುಟ್ಟಿಸುವುದು ಕೂಡ ಇದೇ ಕಣಗಳು. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ವ್ಯಾಯಾಮ ಮಾಡುತ್ತಿದ್ದ ಯುವಕರಿಗೆ 4 ವಾರ ಪ್ರತಿದಿನ 1000 ಮಿ.ಗ್ರಾಂ. ಸಿ ಜೀವಸತ್ವವನ್ನೂ 400 ಐ.ಯು. (ಅಂತರರಾಷ್ಟ್ರೀಯ ಮಾನ) ಇ ಜೀವಸತ್ವವನ್ನೂ ಕೊಟ್ಟು ನೋಡಿದಾಗ, ಇನ್ಸುಲಿನ್‌ಗೆ ದೇಹ ಚೆನ್ನಾಗಿ ಸ್ಪಂದಿಸುವ ಲಾಭ ಗುಳಿಗೆ ನುಂಗದವರಿಗೆ ದಕ್ಕಿತು, ನುಂಗಿದವರಿಗೆ ದಕ್ಕಲಿಲ್ಲ. ಮೈಕೈ ನೋವಾದರೂ ತಗ್ಗೀತೇ ಎಂದರೆ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 50 ಅಧ್ಯಯನಗಳನ್ನು ಜಾಲಾಡಿ ನಡೆಸಿದ 2017ರ ಪರಿಶೀಲನೆಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಮುಂಜಾನೆ ಮಂಜಿನಲ್ಲಿ ಮಕ್ಕಳನ್ನು ಎಬ್ಬಿಸಿ ಓಡಿಸುವ ದೈಹಿಕ ಶಿಕ್ಷಕರ ಶ್ರಮದಲ್ಲಿ ಒಂದಿಷ್ಟನ್ನು ಸಂಜೆ ಒಂದೇ ಚಮಚದಲ್ಲಿ ಅಳಿಸಬಹುದಾದ ಈ ಯೋಜನೆಯನ್ನು ದೂರದೃಷ್ಟಿಯೆನ್ನದೆ ಏನೆನ್ನೋಣ!

ಆ್ಯಂಟಿಆಕ್ಸಿಡೆಂಟ್ ಇದ್ದರೆ ಸಾಕು ಎನ್ನುವುದಾದರೆ ನಮ್ಮ ಸೀಮೆಗೆ ಹೊರಗಿನ ಡಬ್ಬಿ ಏಕೆ ಬೇಕು? ಅಡಿಕೆಯಲ್ಲಿ ಪಾಲಿಫಿನಾಲ್ ಎಂಬ ಆ್ಯಂಟಿಆಕ್ಸಿಡೆಂಟ್ ಧಾರಾಳವಾಗಿದೆ. ರಿಲೇ ಓಟದ ಕೋಲಿನ ಬದಲು ಕವಳದ ಸಂಚಿಯನ್ನೇ ಕೈಯಿಂದ ಕೈಗೆ ದಾಟಿಸಿ, ಗೆರೆ ಮುಟ್ಟಿದವರಿಗೆ ಪೀಕದಾನಿಯನ್ನೇ ಪಾರಿತೋಷಕವಾಗಿ ಕೊಟ್ಟರೆ ಬೆಳೆಗಾರರೂ ಉಳಿದಾರು. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2004ರಲ್ಲೇ ಹೇಳಿದೆಯಲ್ಲ ಎಂದು ಯಾರಾದರೂ ಗೊಣಗಿದರೆ, ಅಂಥವರನ್ನು ವೇದಿಕೆಗೆ ಕರೆಯದಿದ್ದರಾಯಿತು. ಆಹಾರ ಪದಾರ್ಥಗಳಿಗೆ ಆ್ಯಂಟಿಆಕ್ಸಿಡೆಂಟ್ ಅಂಕ ಕೊಡುತ್ತಿದ್ದ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ, ಪ್ರಯೋಗಾಲಯದ ಅಂಕಕ್ಕೂ ದೇಹದಲ್ಲಿ ಆಗುವುದಕ್ಕೂ ತಾಳೆಯಿಲ್ಲವೆಂದು 2012ರಲ್ಲಿ ತೆಗೆದೇ ಹಾಕಿತು. ನಮ್ಮಲ್ಲಿ ಆ ಅಂಕಗಳು ಈಗಷ್ಟೇ ಘಟ್ಟ ಹತ್ತಿ ಬಂದಿವೆ.

ಡಬ್ಬಿಯ ಮೇಲೆ ನೆಲ್ಲಿಕಾಯಿಯ ಚಿತ್ರವಿದೆ. ಒಳಗಿನ ಪುಡಿಯನ್ನು ನೀರಿಗೆ ಹಾಕಿದರೆ ಕಿತ್ತಳೆ ಬಣ್ಣದ ನೊರೆ ಏಳುತ್ತದೆ, ತಳದಲ್ಲಿ ಗಂಟು ಉಳಿಯುತ್ತದೆ. ಮುರುಗಲಿನ ಸಾರು, ಒಂದೆಲಗದ ತಂಬುಳಿ, ಬಸಳೆಯ ಹುಳಿ ಇವೆಲ್ಲ ಹಿತ್ತಲಲ್ಲೇ ಸಿಗುವುದರಿಂದ ಇವಕ್ಕೆ ವೈಜ್ಞಾನಿಕ ಮರ್ಯಾದೆ ಇಲ್ಲ.

ನಗುವುದಕ್ಕೂ ಬೇಸರವಾಗುತ್ತದೆ. ಈ ಕಣಗಳನ್ನು ಹದ್ದುಬಸ್ತಿನಲ್ಲಿಡುವ ಕಿಣ್ವಗಳನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಊಟ. ಕ್ಯಾಟಲೇಸ್ ಎಂಬ ಕಿಣ್ವದ ನಡುವೆ ಇರುವುದು ಕಬ್ಬಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳ ಪೈಕಿ ಶೇ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ಹುಡುಗಿಯನ್ನು ಮೊದಲ ಬಸ್ಸಿಗೆ ಹತ್ತಿಸಿ, ಕೆಸರು ಮೈದಾನದಲ್ಲಿ ಬರಿಗಾಲಲ್ಲಿ ಓಡಿಸಿ, ಭಾಷಣಗಳೆಲ್ಲ ಮುಗಿದ ಮೇಲೆ ಮಧ್ಯಾಹ್ನ ಮೂರಕ್ಕೆ ತಣ್ಣಗಿನ ಚಿತ್ರಾನ್ನ ಕೊಡುತ್ತೇವೆ. ಅತಿಥಿಗಳ ಊಟ ಒಂದಕ್ಕೇ ಮುಗಿದಿರುತ್ತದೆ. ಆ ದಿನ ತರಗತಿಯಲ್ಲೇ ಕುಳಿತಿದ್ದರೆ ಆಕೆಗೆ ಬಿಸಿಯೂಟವಾದರೂ ಸಿಗುತ್ತಿತ್ತು, ಜೊತೆಗೆ ಮೊಟ್ಟೆಯೋ ಬಾಳೆಹಣ್ಣೋ ಇರುತ್ತಿತ್ತು. ಶಾಲೆಗೆ ಕೀರ್ತಿ ತರಲು ಹೋದ ತಪ್ಪಿಗೆ ಅದೂ ತಪ್ಪಿತು. ಇದು ನಾಚಿಕೆಗೇಡು. ಇದನ್ನು ಹೇಳಲು ವಿಡಂಬನೆಯ ಹಂಗೂ ಬೇಕಿಲ್ಲ.

ಮುಂದಿನ ಬಾರಿ ಡಬ್ಬಿ ಬಿಟ್ಟು, ಹನ್ನೆರಡೂವರೆಗೆ ಅನ್ನ, ಸೊಪ್ಪಿನ ಸಾರು, ಮೊಟ್ಟೆ ಬಡಿಸಬಾರದೇ ಎಂದು ಸಂಘಟಕರೊಬ್ಬರನ್ನು ಕೇಳಿದೆ.

“ಸ್ವಾಮಿ, ಡಬ್ಬಿಗಾದರೆ ಜಿ.ಎಸ್.ಟಿ. ಬಿಲ್ಲು ಬರುತ್ತದೆ. ಸೊಪ್ಪಿನ ಅಜ್ಜಿ ಎಲ್ಲಿಂದ ಬಿಲ್ಲು ತರುತ್ತಾರೆ?” ಎಂದರು.