ಕಪ್ಪೆಬಾಯಿ ಹಕ್ಕಿಗೆ ಫ್ಲ್ಯಾಶ್ ಹೊಡೆಯಬೇಡಿ

ಹೋದ ಫೆಬ್ರವರಿಯಲ್ಲಿ ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಒಂದು ಜೋಡಿ ಕಪ್ಪೆಬಾಯಿ ಹಕ್ಕಿ ನೋಡಿದೆ. ಫ್ರಾಗ್‌ಮೌತ್ ಅಂತಾರಲ್ಲ, ಅದೇ. ಹಗಲು ಮಲಗಿ ರಾತ್ರಿ ಬೇಟೆಯಾಡುವ ಹಕ್ಕಿ. ಬೆಳಿಗ್ಗೆ ಹನ್ನೊಂದಾದರೂ ಮೆಳೆಯೊಳಗೆ ಮುಸ್ಸಂಜೆಯ ಬೆಳಕು. ಬೂದು ಬಣ್ಣದ ಗಂಡು, ಕೆಂಗಂದಿನ ಹೆಣ್ಣು, ಮೈಗೆ ಮೈ ತಾಗಿಸಿ ಒಣಗಿದ ಎರಡು ಎಲೆಗಳ ಹಾಗೆ ಕೂತಿದ್ದವು. ಆಮೇಲೆ ಬಂದವರೊಬ್ಬರು ಫ್ಲ್ಯಾಶ್ ಹಾಕಿ ಪಟಪಟ ಹೊಡೆಯತೊಡಗಿದರು. ಗಂಡು ಕೊಕ್ಕು ಮೇಲೆತ್ತಿ ಮುರಿದ ಕೊಂಬೆಯಂತೆ ಸೆಟೆದುಕೊಂಡಿತು. ಕಣ್ಣು ಒಂದು ಹಳದಿ ಗೆರೆಯಷ್ಟೇ ತೆರೆದಿತ್ತು. ಆರನೆಯದೋ ಏಳನೆಯದೋ ಮಿಂಚಿಗೆ ಎರಡೂ ಹಾರಿಹೋದವು.

"ನಾಳಿ ಇಲ್ಲೇ ಕೂಡ್ತಾವು ಅನ್ನೂದು ಡೌಟ್ ರೀ ಸರ್" ಅಂದರು ಗೈಡ್. ಮುಖ ಸಪ್ಪಗಾಗಿತ್ತು.

ಒಂದು ಫ್ಲ್ಯಾಶಿಗೆ ಹಕ್ಕಿ ಕುರುಡಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಘಾಟಿಯಲ್ಲಿ ಎದುರಿನ ಲಾರಿ ಹೈಬೀಮ್ ಹಾಕಿದರೆ ನಮಗೇ ದಾರಿ ಕಾಣುವುದಿಲ್ಲ. ಕತ್ತಲಿಗೆ ಪೂರ್ತಿ ಒಗ್ಗಲು ನಮ್ಮ ಕಣ್ಣಿಗೆ 20-30 ನಿಮಿಷ ಬೇಕು. ಗೂಬೆಯಂಥ ಹಕ್ಕಿಯ ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಒಳಪರದೆಯಲ್ಲಿ, ಮಂದ ಬೆಳಕನ್ನು ಹಿಡಿಯುವ ಕೋಶಗಳೇ ಹೆಚ್ಚು. ಸಂಜೆ ಬೇಟೆಗೆ ಹೊರಟ ಅದರ ಮುಖಕ್ಕೆ ಅಷ್ಟು ಬೆಳಕು ಎರಚುವ ಹಕ್ಕು ನಮಗೆ ಯಾರು ಕೊಟ್ಟರು?

ಅದೂ ಅಲ್ಲದೆ, ಹಗಲು ಮಲಗಿರುವ ಹಕ್ಕಿಗೆ ಫ್ಲ್ಯಾಶ್ ಬೇಕಾಗಿಯೇ ಇಲ್ಲ. ಅದು ಅಲುಗುವುದೇ ಇಲ್ಲವಲ್ಲ! ಆ ಫ್ಲ್ಯಾಶಿನವರು ಬರುವ ಮುಂಚೆ ನಾನು ಟ್ರೈಪಾಡ್ ಊರಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಲೆನ್ಸಿನ ತೆರವು ಎಫ್/5.6, ಶಟರ್ 1/15 ಸೆಕೆಂಡ್, ಎರಡು ಸೆಕೆಂಡಿನ ಟೈಮರ್ ಇಟ್ಟು ಹತ್ತು ಚಿತ್ರ ತೆಗೆದಿದ್ದೆ. ನಾಲ್ಕು ಚೊಕ್ಕವಾಗಿ ಬಂದಿವೆ. ಮೀಸೆಯಂಥ ಗರಿಗಳನ್ನೂ ಎಣಿಸಬಹುದು. ಚಂಚಲವಾದ ನೊಣಹಿಡುಕಗಳಾದರೆ ಐಎಸ್‌ಒ 6400ಕ್ಕೆ ಏರಿಸುತ್ತೇನೆ. ಚಿತ್ರದಲ್ಲಿ ನಾಯ್ಸ್ (ಕಾಳುಕಾಳು ಚುಕ್ಕೆ) ಬರುತ್ತದೆ, ಬರಲಿ. ಈಗಿನ ಸಾಫ್ಟ್‌ವೇರ್ ಅದರಲ್ಲಿ ಬಹುಪಾಲನ್ನು ತೆಗೆದುಬಿಡುತ್ತದೆ. ಬಿಸಿಲಲ್ಲಿ ಕೂತ ಹಕ್ಕಿಗೆ ದೂರದಿಂದ ಸಣ್ಣಗೆ ಫಿಲ್ ಫ್ಲ್ಯಾಶ್ (ನೆರಳು ತಿಳಿಗೊಳಿಸುವ ಮಂದ ಫ್ಲ್ಯಾಶ್) ಕೊಡುವವರ ಜೊತೆ ನನ್ನ ಜಗಳವಿಲ್ಲ.

ಗೂಡಿನ ಮಾತು ಬೇರೆಯೇ. ಕಪ್ಪೆಬಾಯಿ ಇಡುವುದು ಒಂದೇ ಮೊಟ್ಟೆ, ಹಗಲಲ್ಲಿ ಕಾವಿಗೆ ಕೂರುವುದು ಗಂಡು. ಅದು ಬೆದರಿ ಎದ್ದರೆ ಅಂಗೈಗಿಂತ ಚಿಕ್ಕ ಗೂಡಿನಲ್ಲಿ ಬಿಳಿ ಮೊಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ 'ಬೇಟೆ' ಎಂದೇ ಕರೆಯುತ್ತದೆ.

ಗುಂಪು ಕರೆದುಕೊಂಡು ಹೋಗುವವರು ದಯವಿಟ್ಟು ಫ್ಲ್ಯಾಶ್ ಬೇಡ ಅಂತ ಜೀಪು ಹತ್ತುವ ಮೊದಲೇ ಹೇಳಿಬಿಡಿ. ಹಕ್ಕಿಯ ಮುಂದೆ ನಿಂತು ಪಿಸುಗುಟ್ಟಿದರೆ ಯಾರ ಕಿವಿಗೂ ಬೀಳುವುದಿಲ್ಲ. ಆ ದಿನ ನಾನು ಮೂರು ಸಲ ಪಿಸುಗುಟ್ಟಿದ್ದೆ.